ಬೇಸ್ ಗಿಟಾರಿನ ಬೋರ್ಡಿಗೆ ಗ್ಲಾಸಿ ಕೋಟಿಂಗ್: ಜೋಗೇಶ್ವರಿಯ ಆಚಾರ್ರ ಕೆಲಸ ಹೇಗಿದೆ?

ಫ್ರೆಟ್‌ಲೆಸ್ ಬೇಸ್, ಅಂದರೆ ಬೆರಳೊತ್ತುವ ಬೋರ್ಡಿನ ಮೇಲೆ ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿಗಳಿಲ್ಲದ ಬೇಸ್ ಇದೆ, ಅದಕ್ಕೆ ಒರಟು ಮೈಯ ರೌಂಡ್‌ವೌಂಡ್ ತಂತಿಯನ್ನೇ ಹಾಕಿ ನುಡಿಸುತ್ತೇನೆ ಅನ್ನುವವರು ಬೋರ್ಡಿಗೆ ಹೊಳೆಯುವ ಪದರ ಬಳಿಸುವ ಈ ಕೆಲಸವನ್ನು ಧೈರ್ಯವಾಗಿ ಮಾಡಿಸಬಹುದು. ಫ್ರೆಟ್ ಇರುವ ಬೇಸಿನವರು ಸ್ವಲ್ಪ ತಡೆಯಿರಿ, ನಿಮ್ಮ ವಿಷಯ ಕೆಳಗೆ ಬರುತ್ತದೆ. ಮಾಡಿಕೊಟ್ಟವರು ಮುಂಬೈಯ ಜೋಗೇಶ್ವರಿ ಪಶ್ಚಿಮದಲ್ಲಿದ್ದಾರೆ, ಓಶಿವಾರ ಫರ್ನಿಚರ್ ಮಾರ್ಕೆಟ್ಟಿನ ಒಳಗೆ. ಕೆಲಸ ಅಚ್ಚುಕಟ್ಟು. ಸೆಟಪ್ (ತಂತಿಯ ಎತ್ತರ, ಕತ್ತು ಹೊಂದಿಸುವುದು) ಸೇರಿ 9,000 ರೂಪಾಯಿ ಆಯಿತು. ಆದರೆ ಕಾಯಬೇಕು, ಚೆನ್ನಾಗಿಯೇ ಕಾಯಬೇಕು.

ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ. ಉಡುಪಿ ಕಡೆಯವರು, ನಾನು ಆಚಾರ್ರೆ ಅಂತಲೇ ಕರೆಯುತ್ತೇನೆ. ಹಗಲು ಹೊತ್ತು ಹಳೆಯ ಬಾಗಿಲು, ಕಪಾಟು, ಊಟದ ಮೇಜುಗಳಿಗೆ ಪಾಲಿಶ್ ಮಾಡುತ್ತಾರೆ. ಗಿಟಾರ್ ಕೆಲಸ ಏನಿದ್ದರೂ ಸಂಜೆ ಮೇಲೆ. ಮಾರ್ಕೆಟ್ಟಿನಲ್ಲಿ ‘ಗಿಟಾರ್‌ವಾಲಾ ಮಿಸ್ತ್ರಿ’ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ರಾಮ ಮಂದಿರ ಸ್ಟೇಷನ್‌ನಲ್ಲಿ ಇಳಿದರೆ ಹತ್ತಿರ. ಬೇಸ್ ಹೊತ್ತುಕೊಂಡು ಲೋಕಲ್‌ನಲ್ಲಿ ಹೋಗುವವರು ಮಧ್ಯಾಹ್ನದ ಹೊತ್ತಿಗೆ ಹೊರಡಿ, ಆಫೀಸ್ ಬಿಡುವ ಸಮಯಕ್ಕೆ ಸಿಕ್ಕಿಹಾಕಿಕೊಂಡರೆ ಬೇಸಿನ ಕತ್ತು ನಿಮ್ಮ ಕೈಯಲ್ಲಿರುವುದಿಲ್ಲ.

ನನಗೆ ಇದು ಯಾಕೆ ಬೇಕಾಯಿತು ಅಂದರೆ, ನಾನು ಜಾಸ್ತಿ ನುಡಿಸುವುದು ಭಾವಗೀತೆ ಕಾರ್ಯಕ್ರಮಗಳಿಗೆ. ಮಾಟುಂಗಾ, ದಹಿಸರ್, ಡೊಂಬಿವಲಿ, ಎಲ್ಲಿ ನಮ್ಮ ಕನ್ನಡದವರು ಸೇರಿ ಕಾರ್ಯಕ್ರಮ ಇಟ್ಟರೂ ಒಂದು ಕೀಬೋರ್ಡ್, ತಬಲಾ, ಕೊಳಲು, ಜೊತೆಗೆ ಬೇಸ್. ಹಾಡುವವರು ಸ್ವರವನ್ನು ಮೇಲಿಂದ ಜಾರಿಸಿ ತರುತ್ತಾರೆ. ಫ್ರೆಟ್ ಇದ್ದರೆ ಬೇಸ್ ಮೆಟ್ಟಿಲು ಇಳಿಯುತ್ತದೆ ಅಷ್ಟೇ, ಜಾರುವುದಿಲ್ಲ. ಅದಕ್ಕೇ ಫ್ರೆಟ್‌ಲೆಸ್ ತೆಗೆದುಕೊಂಡೆ. ಇಂಡೋನೇಷ್ಯಾದಲ್ಲಿ ಮಾಡಿದ, ಮಧ್ಯಮ ಬೆಲೆಯ ಜಾಜ್ ಬೇಸ್ ಮಾದರಿ. ಬೋರ್ಡು ಮತ್ತಿ ಮರದ್ದು. ಕ್ಯಾಟಲಾಗಿನಲ್ಲಿ ಇಂಡಿಯನ್ ಲಾರೆಲ್ ಅಂತ ಇರುವುದು ಇದೇ, ನಮ್ಮ ಕಡೆ ಮನೆಯ ತೊಲೆಗೆ ಹಾಕುತ್ತಿದ್ದ ಮರ. 2017ರಲ್ಲಿ ಬೀಟೆ ಜಾತಿಯ ಮರಗಳ ಸಾಗಣೆಗೆ ಅಂತರರಾಷ್ಟ್ರೀಯ ನಿಯಮ ಬಿಗಿಯಾದ ಮೇಲೆ ಗಿಟಾರ್ ಕಂಪನಿಗಳು ಇಂಥ ಬೇರೆ ಮರಗಳ ಕಡೆ ತಿರುಗಿದವು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಆದರೂ ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಮತ್ತಿ ಉಳಿದುಕೊಂಡಿತು. ಮರ ಒಳ್ಳೆಯದೇ, ಅದರ ಮೇಲೆ ನನಗೆ ದೂರಿಲ್ಲ.

ತೊಂದರೆ ತಂತಿಯದು. ರೌಂಡ್‌ವೌಂಡ್ ತಂತಿ ಅಂದರೆ ಒಳಗಿನ ಎಳೆಗೆ ದುಂಡು ತಂತಿ ಸುತ್ತಿರುತ್ತಾರೆ, ಮೇಲ್ಮೈ ಅರದ ಹಾಗೆ ಒರಟು. ಫ್ರೆಟ್‌ಲೆಸ್‌ನಲ್ಲಿ ತಂತಿ ನೇರ ಮರದ ಮೇಲೇ ಕೂರುತ್ತದೆ. ಬೆರಳು ಒತ್ತಿ, ಅಲುಗಿಸಿ, ಜಾರಿಸಿದಷ್ಟೂ ಅದು ಮರವನ್ನು ತಿನ್ನುತ್ತದೆ. ಮತ್ತಿ ಆಗಲಿ ಬೀಟೆ ಆಗಲಿ, ಬರಿ ಮರವಾದರೆ ಇದು ತಪ್ಪಿದ್ದಲ್ಲ. ಕರಿಮರ ಸ್ವಲ್ಪ ಜಾಸ್ತಿ ತಡೆಯುತ್ತದೆ ಅಷ್ಟೇ. ನನ್ನ ಬೋರ್ಡಿನಲ್ಲಿ ಮೇಲಿನ ಎರಡು ತಂತಿಗಳ ಕೆಳಗೆ, ಐದನೇ ಜಾಗದಿಂದ ಒಂಬತ್ತನೇ ಜಾಗದವರೆಗೆ, ಉಗುರು ಆಡಿಸಿದರೆ ಸಿಗುವಷ್ಟು ಗೀರು ಬಿದ್ದಿತ್ತು. ಅಲ್ಲಿ ಸ್ವರ ಸತ್ತ ಹಾಗೆ ಕೇಳುತ್ತಿತ್ತು, ಕೆಲವು ಕಡೆ ಗುಂಯ್ ಅಂತ ಸದ್ದು.

ಫ್ಲಾಟ್‌ವೌಂಡ್ ಹಾಕಿದರೆ ಮುಗೀತಲ್ವಾ ಅಂತ ಕೇಳುತ್ತೀರಿ. ಹೌದು, ಮುಗಿಯುತ್ತದೆ. ಅದರ ಮೇಲ್ಮೈ ಚಪ್ಪಟೆ, ಬೋರ್ಡು ವರ್ಷಗಟ್ಟಲೆ ಬರುತ್ತದೆ. ಹಳೆಯ ಕಾಲದ ಗುಂಡು ದನಿ ಬೇಕಾದವರಿಗೆ ಅದೇ ಸರಿ, ಕೋಟಿಂಗ್ ತಂಟೆಗೇ ಹೋಗಬೇಡಿ. ನನಗೆ ಬೇಕಾದದ್ದು ಆ ಹಾಡುವ ದನಿ. ಮೊದಲು ಮುಚ್ಚಿಕೊಂಡು ಆಮೇಲೆ ಅರಳುವ ‘ಮ್ವಾ’ ಅನ್ನುವ ಸದ್ದು. ಅದು ರೌಂಡ್‌ವೌಂಡ್‌ನಲ್ಲಿ ಬರುವಷ್ಟು ಚೆನ್ನಾಗಿ ಬೇರೆಯದರಲ್ಲಿ ಬರುವುದಿಲ್ಲ.

ಈ ಉಪಾಯ ಹೊಸದೇನಲ್ಲ. ಅಮೆರಿಕದ ಬೇಸ್ ವಾದಕ ಜ್ಯಾಕೊ ಪಾಸ್ಟೋರಿಯಸ್ ತಮ್ಮ 1962ರ ಫೆಂಡರ್ ಜಾಜ್ ಬೇಸಿನ ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿ, ಅಂದರೆ ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ, ಬಳಿದಿದ್ದರು. ಫ್ರೆಟ್ ಕಿತ್ತ ಜಾಗ ತುಂಬಿ, ಮೇಲೆ ಪದರ ಕೊಟ್ಟು, ರೌಂಡ್‌ವೌಂಡ್ ಹಾಕಿ ನುಡಿಸಿದ ಆ ದನಿಯ ಹಿಂದೆಯೇ ಇವತ್ತಿಗೂ ಫ್ರೆಟ್‌ಲೆಸ್‌ನವರು ಓಡುತ್ತಿರುವುದು. 1987ರಲ್ಲಿ ತೀರಿಕೊಂಡಾಗ ಅವರಿಗೆ 35 ವಯಸ್ಸು. ಈ ಕತೆಯನ್ನು ಆಚಾರ್ರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. “ಮಲ್ಪೆಯಲ್ಲಿ ದೋಣಿ ಕೆಲಸ ನೋಡಿದ್ದೇನೆ ಮಾರಾಯ್ರೆ. ಉಪ್ಪು ನೀರಿಗೇ ಬಗ್ಗುದಿಲ್ಲ ಅದು, ನಿಮ್ಮ ತಂತಿಗೆ ಬಗ್ಗುತ್ತದಾ?” ಅಂದರು.

ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ದುಡ್ಡಿನದಲ್ಲ. “ಬೋರ್ಡಿಗೆ ಎಣ್ಣೆ ಹಾಕಿದ್ದೀರಾ?” ಅಂತ. ಹಾಕಿದ್ದೆ, ಎಲ್ಲರೂ ಹಾಕುತ್ತಾರೆ, ಬರಿ ಮರಕ್ಕೆ ಅದೇ ಆರೈಕೆ. “ಎಣ್ಣೆ ಕುಡಿದ ಮರಕ್ಕೆ ಎಂತದೂ ಹಿಡಿಯುದಿಲ್ಲ” ಅಂದು ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಒರೆಸಲು ಶುರು ಮಾಡಿದರು. ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಹೊಸ ಬಟ್ಟೆ, ಮತ್ತೆ ಕಂದು. ಬಟ್ಟೆ ಬಿಳಿಯಾಗಿಯೇ ವಾಪಸ್ ಬರುವವರೆಗೂ ಬಿಡಲಿಲ್ಲ. ಬೀಟೆ ಮರದ ಬೋರ್ಡಾದರೆ ಇನ್ನೂ ಕಷ್ಟವಂತೆ, ಆ ಮರದ ಒಳಗೇ ಎಣ್ಣೆ ಇರುತ್ತದೆ. ಅದರ ಮೇಲೆ ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆಯುವುದಾದರೆ ಮೊದಲು ಮೇಣ ತೆಗೆದ ಅರಗಿನ ಒಂದು ತೆಳು ಪದರ ಕೊಟ್ಟು ಮರವನ್ನು ಮುಚ್ಚಬೇಕು, ಇಲ್ಲದಿದ್ದರೆ ಮೇಲಿನ ಪಾಲಿಶ್ ಒಣಗದೆ ಅಂಟಂಟಾಗಿ ಕೂರುತ್ತದೆ.

ಯಾವ ಕೋಟಿಂಗ್ ಅನ್ನುವುದರ ಬಗ್ಗೆ ಅವರಿಗೆ ಖಚಿತ ಅಭಿಪ್ರಾಯ ಇದೆ, ಕೇಳಿದ ಮೇಲೆ ನನಗೂ ಸರಿ ಅನ್ನಿಸಿತು. ಫರ್ನಿಚರಿಗೆ ಹೊಡೆಯುವ ಮೆಲಮೈನ್ ಬೇಡ, ಉಕ್ಕಿನ ತಂತಿಯ ಕೆಳಗೆ ಅದರ ತೆಳು ಪದರ ಬಾಳುವುದಿಲ್ಲ. ಎರಡು ಡಬ್ಬಿ ಬೆರೆಸುವ ಪಿಯು ಗಟ್ಟಿ, ಆದರೆ ದಪ್ಪ ಬರಲು ತುಂಬಾ ಸಲ ಹೊಡೆಯಬೇಕು, ಮೇಲಾಗಿ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ಮಾಸ್ಕ್, ಗಾಳಿ ವ್ಯವಸ್ಥೆ ಇಲ್ಲದೆ ಫ್ಲಾಟಿನ ಬಾಲ್ಕನಿಯಲ್ಲಿ ಯಾರೂ ಅದನ್ನು ಸ್ಪ್ರೇ ಮಾಡಬೇಡಿ. ಫೆವಿಕ್ವಿಕ್ ಜಾತಿಯ ಅಂಟನ್ನು ಪದರ ಪದರವಾಗಿ ಬಳಿಯುವವರೂ ಇದ್ದಾರೆ. ಗಟ್ಟಿಯಾಗುತ್ತದೆ, ಬೇಗ ಆಗುತ್ತದೆ, ಆದರೆ ಹೊಗೆ ಕಣ್ಣು ಉರಿಸುತ್ತದೆ ಮತ್ತು ಸಮ ಬರಿಸಲು ಕೈ ಪಳಗಿರಬೇಕು. ಅರಾಲ್ಡೈಟ್ ಕೂಡ ಎಪಾಕ್ಸಿಯೇ ಅಲ್ವಾ ಅಂತ ನಾನು ಕೇಳಿದೆ. ಅದು ಜೋಡಿಸಲು ಮಾಡಿದ ಅಂಟು, ದಪ್ಪ, ಹಳದಿ, ಗುಳ್ಳೆ ಹೊರಗೆ ಬರುವುದಿಲ್ಲ. ಬೋರ್ಡಿಗೆ ಬೇಕಾದದ್ದು ನಿಧಾನವಾಗಿ ಗಟ್ಟಿಯಾಗುವ, ತೆಳುವಾಗಿ ಹರಿಯುವ, ತಿಳಿಯಾದ ಎಪಾಕ್ಸಿ. ಅವರು ಬಳಸಿದ್ದು ಅದನ್ನೇ.

ಎಪಾಕ್ಸಿ ಬಳಿಯುವ ದಿನ ನಾನು ಪಕ್ಕದಲ್ಲೇ ಕೂತಿದ್ದೆ, ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಕೊಟ್ಟ ದುಡ್ಡು ಎಲ್ಲಿ ಹೋಯಿತು ಅಂತ ಅಲ್ಲಿ ಗೊತ್ತಾಯಿತು. ಅದಕ್ಕೂ ಮೊದಲೇ ಕತ್ತನ್ನು ಬಾಡಿಯಿಂದ ಬಿಚ್ಚಿ, ನಟ್ (ಕತ್ತಿನ ತಲೆಕಡೆ ತಂತಿಗಳು ಕೂರುವ ಸಣ್ಣ ಪಟ್ಟಿ) ತೆಗೆದು, ಕತ್ತಿನ ಒಳಗಿರುವ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ಕತ್ತನ್ನು ನೆಟ್ಟಗೆ ಮಾಡಿ, ಬೋರ್ಡಿನ ಬಾಗಿಗೆ ಹೊಂದುವ ಒಂಬತ್ತೂವರೆ ಇಂಚು ರೇಡಿಯಸ್ಸಿನ ಮರದ ಬ್ಲಾಕಿಗೆ ಪಾಲಿಶ್ ಪೇಪರ್ ಅಂಟಿಸಿ ಉದ್ದಕ್ಕೆ ಉಜ್ಜಿ ಗೀರುಗಳನ್ನೆಲ್ಲ ತೆಗೆದಿದ್ದರು. ಈಗ ಬೋರ್ಡಿನ ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅಂಚಿಗಿಂತ ಸ್ವಲ್ಪ ಮೇಲೆ ನಿಲ್ಲುವಂತೆ ಗೋಡೆ ಕಟ್ಟಿದರು. ಟ್ರಸ್ ರಾಡಿನ ಬಾಯಿ ಮುಚ್ಚಿದರು. ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ಪ್ಲಾಸ್ಟಿಕ್ ಲೋಟ ಇಟ್ಟು ರೆಸಿನ್ ಸುರಿದರು, ಲೆಕ್ಕ ಹಾಕಿ ಹಾರ್ಡನರ್ ಸುರಿದರು. ಕಣ್ಣಂದಾಜು ಇಲ್ಲವೇ ಇಲ್ಲ. ಪ್ರಮಾಣ ತಪ್ಪಿದರೆ ಅದು ಜನ್ಮದಲ್ಲಿ ಗಟ್ಟಿಯಾಗುವುದಿಲ್ಲ. ಕಡ್ಡಿಯಿಂದ ನಿಧಾನಕ್ಕೆ ತಿರುವಿದರು, ಲೋಟದ ಬದಿ, ತಳ ಎಲ್ಲ ಕೆರೆದು ಕೆರೆದು. ಜೋರಾಗಿ ತಿರುವಿದರೆ ಗುಳ್ಳೆ. ಆಮೇಲೆ ಬೋರ್ಡಿನ ನಡುವೆ ಉದ್ದಕ್ಕೆ ಸುರಿದು, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಹರಡಿ, ಹೀಟ್ ಗನ್ನನ್ನು ಮೇಲಿಂದ ಸರಕ್ಕನೆ ಹಾಯಿಸಿದರು. ಗುಳ್ಳೆಗಳು ಒಂದೊಂದಾಗಿ ಒಡೆದವು.

ಬೋರ್ಡು ಬಾಗಿರುತ್ತದೆ, ನಡುವೆ ಎತ್ತರ, ಬದಿಗೆ ಇಳಿಜಾರು. ಹಾಗಾಗಿ ಎಪಾಕ್ಸಿ ಬದಿಗೆ ಹರಿದು ಅಲ್ಲಿ ದಪ್ಪ, ನಡುವೆ ತೆಳು ಆಗುತ್ತದೆ. ಎಡಗೈ, ಬಲಗೈ ಎಷ್ಟೇ ಪಳಗಿದ್ದರೂ ಇದನ್ನು ತಪ್ಪಿಸಲಾಗುವುದಿಲ್ಲ. ಒಂದು ಪದರ ಒಣಗಿದ ಮೇಲೆ ಉಜ್ಜಿ, ಮತ್ತೊಂದು, ಮತ್ತೆ ಉಜ್ಜಿ, ಹೀಗೆ ನಡುವಿನ ದಪ್ಪ ಸಾಕಷ್ಟು ಬರುವವರೆಗೆ ಮಾಡಬೇಕು. ಇಲ್ಲೇ ಮುಂಬೈ ಹವೆ ಕೈ ಕೊಡುವುದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಎಪಾಕ್ಸಿ ಮೇಲೆ ಮೇಣದಂಥ ತೆಳು ಪೊರೆ ಕೂರುತ್ತದೆ. ಅದನ್ನು ನೀರು ಹಾಕಿ, ಪಾತ್ರೆ ಉಜ್ಜುವ ಸ್ಕ್ರಬರಿನಿಂದ ತೊಳೆದು ತೆಗೆಯದೆ ಮುಂದಿನ ಪದರ ಹಾಕಿದರೆ ಎರಡೂ ಪದರ ಒಂದಕ್ಕೊಂದು ಹಿಡಿಯುವುದಿಲ್ಲ, ಮುಂದೊಂದು ದಿನ ಬಿಟ್ಟುಕೊಳ್ಳುತ್ತದೆ. ಆಚಾರ್ರ ಗೋಡೆಯಲ್ಲಿ ತೇವ ತೋರಿಸುವ ಒಂದು ಸಣ್ಣ ಮೀಟರ್ ಇದೆ. ಮಳೆಗಾಲದಲ್ಲಿ ಈ ಕೆಲಸ ತೆಗೆದುಕೊಳ್ಳುವುದೇ ಇಲ್ಲ. “ಜೂನಿನಿಂದ ಸೆಪ್ಟೆಂಬರ್, ದೇವರೇ ಬಂದರೂ ಆಗುದಿಲ್ಲ ಹೇಳುತ್ತೇನೆ” ಅನ್ನುತ್ತಾರೆ. ಹೀಗೆ ಕೆಲಸ ಬಿಟ್ಟುಕೊಡುವವರ ಮೇಲೆ ನನಗೆ ನಂಬಿಕೆ ಜಾಸ್ತಿ.

ಕಡೆಯ ಪದರ ಆದ ಮೇಲೆ ಸುಮ್ನೆ ಬಿಟ್ಟರು. ಕೈಗೆ ಅಂಟದಿರುವುದು ಬೇರೆ, ಒಳಗಿಂದ ಗಟ್ಟಿಯಾಗುವುದು ಬೇರೆ, ಅದಕ್ಕೆ ಒಂದು ವಾರವಾದರೂ ಬೇಕು. ಫೋನ್ ಮಾಡಿದಾಗೆಲ್ಲ “ಇನ್ನೂ ಉಂಟು” ಅಂತಷ್ಟೇ ಉತ್ತರ. ಮೆಸೇಜಿಗೆ ಉತ್ತರವೇ ಇಲ್ಲ. ಕಾರ್ಯಕ್ರಮ ಹತ್ತಿರ ಇದ್ದವರಿಗೆ ಇದು ಕಷ್ಟ, ನನ್ನ ಕಡೆಯಿಂದ ಒಂದು ಸ್ಟಾರ್ ಕಡಿಮೆ ಆಗುವುದು ಇದಕ್ಕೇ. ಎಷ್ಟು ದಿನ ಅಂತ ಮೊದಲೇ ಒಂದು ಅಂದಾಜು ಹೇಳಿದ್ದರೆ ಯಾರ ಹತ್ತಿರವಾದರೂ ಬೇಸ್ ಕೇಳಿಟ್ಟುಕೊಳ್ಳಬಹುದಿತ್ತು.

ಲೆವೆಲ್ ಮಾಡುವಾಗ ಅವರು ನೋಡುವ ರೀತಿ ಚೆಂದ. ಕತ್ತನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬೋರ್ಡಿನ ಮೇಲೆ ಬೀಳುವ ಬೆಳಕಿನ ಗೆರೆ ನೋಡುತ್ತಾರೆ. ಗೆರೆ ನೆಟ್ಟಗಿದ್ದರೆ ಬೋರ್ಡು ನೆಟ್ಟಗಿದೆ. ಎಲ್ಲಾದರೂ ಗೆರೆ ಸೊಟ್ಟಗಾದರೆ ಅಲ್ಲಿ ತಗ್ಗು. ಪೆನ್ಸಿಲಿನಲ್ಲಿ ಗುರುತು ಹಾಕಿ ಮತ್ತೆ ಬ್ಲಾಕ್ ಹಿಡಿದು ಉಜ್ಜುತ್ತಾರೆ. 320 ನಂಬರಿನ ಪೇಪರಿನಿಂದ ಶುರು, ಆಮೇಲೆ 400, 600, 800, ಹೀಗೆ 2000ದವರೆಗೆ ವಾಟರ್ ಪೇಪರ್, ನೀರಿಗೆ ಒಂದು ಹನಿ ಪಾತ್ರೆ ಸೋಪು. ಕೊನೆಗೆ ಕಾರಿಗೆ ಬಳಸುವ ರಬಿಂಗ್ ಕಾಂಪೌಂಡ್. ಬೋರ್ಡು ಎತ್ತರವಾಗಿದ್ದರಿಂದ ನಟ್ಟನ್ನೂ ಅಷ್ಟೇ ಎತ್ತರಿಸಿ, ತಂತಿ ಹಾಕಿ, ಸೆಟಪ್ ಮಾಡಿ ಕೊಟ್ಟರು. ಇದನ್ನು ಮರೆಯುವವರು ಇದ್ದಾರೆ. ಬೋರ್ಡು ಏರಿ ನಟ್ ಹಳೆಯ ಜಾಗದಲ್ಲೇ ಇದ್ದರೆ ತೆರೆದ ತಂತಿ ಬೋರ್ಡಿಗೆ ಬಡಿಯುತ್ತದೆ, ಹಾಗಾಗಿ ಬೇರೆ ಕಡೆ ಮಾಡಿಸುವವರು ನಟ್ ಕೆಲಸ ಸೇರಿದೆಯಾ ಅಂತ ಕೇಳಿಯೇ ಕೊಡಿ.

ಈಗ ನೋಡಲು ಹೇಗಿದೆ? ಮಸುಕು ಕಂದು ಮತ್ತಿ ಈಗ ಗಾಢವಾಗಿದೆ, ಆಗಷ್ಟೇ ಒದ್ದೆಯಾದ ಮರದ ಬಣ್ಣ. ಗೆರೆಗೆರೆ ಎಲ್ಲ ಎದ್ದು ಕಾಣುತ್ತದೆ. ಮೇಲಿನ ತುದಿಯಲ್ಲಿ, ಬಾಡಿ ಹತ್ತಿರ, ಪದರದ ಒಳಗೆ ಒಂದು ಧೂಳಿನ ಚುಕ್ಕೆ ಸಿಕ್ಕಿಕೊಂಡಿದೆ. ಫರ್ನಿಚರ್ ಉಜ್ಜುವ ಜಾಗದಲ್ಲಿ ಧೂಳು ಬೀಳದೆ ಇರುವುದು ಕಷ್ಟ, ಕೈಗೆ ಸಿಗುವುದಿಲ್ಲ, ಆದರೆ ಈ ದರಕ್ಕೆ ಅದು ಇರಬಾರದಿತ್ತು.

ದನಿ ಬದಲಾಗಿದೆ. ಮೀಟಿದ ಕ್ಷಣ ಸ್ಪಷ್ಟ, ಸ್ವರ ನಿಲ್ಲುವುದು ಜಾಸ್ತಿ ಹೊತ್ತು, ‘ಮ್ವಾ’ ಎಲ್ಲ ಜಾಗದಲ್ಲೂ ಒಂದೇ ಸಮ. ಎತ್ತರದ ಜಾಗದಲ್ಲಿ ಮೊದಲು ಮುದುಡುತ್ತಿದ್ದ ಸ್ವರ ಈಗ ಬಿಚ್ಚಿಕೊಂಡು ಬರುತ್ತದೆ. ಮರದ ಆ ಮೆತ್ತಗಿನ ‘ದುಂ’ ಸ್ವಲ್ಪ ಕಡಿಮೆಯಾಗಿದೆ, ಅದನ್ನು ಇಷ್ಟಪಡುವವರು ಯೋಚಿಸಿ. ಇನ್ನೊಂದು ಮಾತು. ಈ ಬದಲಾವಣೆಯ ಪೂರ್ತಿ ಶ್ರೇಯಸ್ಸನ್ನು ಹೊಳಪಿಗೆ ಕೊಡಲು ನಾನು ತಯಾರಿಲ್ಲ. ಬೋರ್ಡು ಸಮವಾಗಿ, ತಂತಿ ಕೆಳಗೆ ಇಳಿದಿದ್ದೇ ‘ಮ್ವಾ’ಗೆ ದೊಡ್ಡ ಕಾರಣ. ಬರಿ ಮರವನ್ನೇ ಹೀಗೆ ಸಮ ಮಾಡಿಸಿದ್ದರೂ ಅರ್ಧ ಲಾಭ ಸಿಗುತ್ತಿತ್ತು. ಆದರೆ ಅದು ಉಳಿಯುತ್ತಿರಲಿಲ್ಲ, ಮತ್ತೆ ಗೀರು ಬೀಳುತ್ತಿತ್ತು. ಕೋಟಿಂಗ್ ಇರುವುದು ಅದನ್ನು ಉಳಿಸಲು. ಈಗಲೂ ತಂತಿ ಗುರುತು ಬೀಳುತ್ತದೆ, ಸಣ್ಣ ಗೆರೆಗಳು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥವು. ಸ್ಟೀಲ್ ತಂತಿ ಬಿಟ್ಟು ನಿಕಲ್ ಹಾಕಿ ಅಂತ ಆಚಾರ್ರು ಹೇಳಿದ್ದಾರೆ, ಅದು ಸ್ವಲ್ಪ ಮೆದು.

ಬೆರಳಿಗೆ ಹೇಗಿದೆ ಅಂದರೆ, ಒಣ ಕೈಗೆ ಜಾರುವುದು ಸುಖ. ಎಸಿ ಇಲ್ಲದ ಹಾಲಿನಲ್ಲಿ ಏಪ್ರಿಲ್ ಸಂಜೆ ನುಡಿಸಿದಾಗ ಬೆವರಿಗೆ ಬೆರಳು ಹಿಡಿದುಕೊಳ್ಳುತ್ತದೆ. ಹಾಡಿನ ನಡುನಡುವೆ ಒರೆಸಲು ಒಂದು ಹತ್ತಿ ಬಟ್ಟೆ ಇಟ್ಟುಕೊಂಡಿದ್ದೇನೆ. ಎಣ್ಣೆ ಹಾಕುವ ಕೆಲಸ ಮಾತ್ರ ಶಾಶ್ವತವಾಗಿ ತಪ್ಪಿತು. ಹೊಸ ಬೇಸ್ ಆದರೆ ಕಂಪನಿ ವಾರಂಟಿ ಕಾಗದ ಓದಿ ನೋಡಿ, ಹೀಗೆ ಬದಲಾಯಿಸಿದ್ದಕ್ಕೆ ಸಾಮಾನ್ಯವಾಗಿ ಅದು ಬರುವುದಿಲ್ಲ. ಮಾರುವ ಯೋಚನೆ ಇದ್ದರಂತೂ ಮುಟ್ಟಬೇಡಿ, ಒಮ್ಮೆ ಹಾಕಿದ ಎಪಾಕ್ಸಿ ತೆಗೆಯುವುದು ಹಾಕುವುದಕ್ಕಿಂತ ಕಷ್ಟ.

ಇನ್ನು ಫ್ರೆಟ್ ಇರುವ ಬೇಸ್. ನನ್ನ ಜೊತೆ ಬಂದಿದ್ದ ಗೆಳೆಯ ತನ್ನ ಬೀಟೆ ಬೋರ್ಡಿನ ಬೇಸಿಗೂ ಇದೇ ಹೊಳಪು ಬೇಕು ಅಂದ. ಆಚಾರ್ರು ಬೇಡ ಅಂದರು. ಹೊಳಪಿನ ಫ್ರೆಟ್‌ಬೋರ್ಡ್ ಇರುವುದೇ ಇಲ್ಲ ಅಂತಲ್ಲ. ಮೇಪಲ್ ಬೋರ್ಡುಗಳಿಗೆ ಫ್ಯಾಕ್ಟರಿಯಲ್ಲೇ ಪಾಲಿಶ್ ಹಾಕುತ್ತಾರೆ, ಇಲ್ಲದಿದ್ದರೆ ಆ ಬಿಳಿ ಮರ ಬೆವರು ಕುಡಿದು ಕಪ್ಪಾಗುತ್ತದೆ. ಗಿಟಾರ್ ಕಂಪನಿ ರಿಕನ್‌ಬ್ಯಾಕರ್‌ನವರು ಗಾಢ ಬಣ್ಣದ ಮರದ ಬೋರ್ಡಿಗೂ ಹೊಳಪು ಕೊಟ್ಟಿದ್ದುಂಟು. ಆದರೆ ಫ್ರೆಟ್ ಇದ್ದಾಗ ತಂತಿ ಕೂರುವುದು ಲೋಹದ ಮೇಲೆ, ಮರ ಮುಟ್ಟುವುದೇ ಇಲ್ಲ. ದನಿ ಬದಲಾಗುವ ಮಾತು ಎಲ್ಲಿಂದ ಬರಬೇಕು? ಕೊಂಡ ಮೇಲೆ ಬಳಿದರೆ ಪ್ರತಿ ಫ್ರೆಟ್ಟಿನ ಎರಡೂ ಪಕ್ಕ ಪದರ ಗುಪ್ಪೆಯಾಗುತ್ತದೆ, ಲೋಹದ ಮೇಲಿನದನ್ನು ಕೆರೆದು ತೆಗೆಯಬೇಕು, ಫ್ರೆಟ್ಟಿನ ಎತ್ತರ ಅಷ್ಟು ಕಡಿಮೆಯಾದ ಹಾಗೆ ಆಗುತ್ತದೆ, ಮುಂದೆ ಫ್ರೆಟ್ ಬದಲಿಸುವಾಗ ಹೊಳಪು ಚಕ್ಕೆ ಚಕ್ಕೆಯಾಗಿ ಏಳುತ್ತದೆ. “ಫ್ರೆಟ್ ಸವೆದು ಬದಲಿಸುವಾಗ ಬನ್ನಿ, ಆಗ ಬೋರ್ಡು ಖಾಲಿ ಇರ್ತದೆ, ಮಾಡಿಕೊಡುತ್ತೇನೆ” ಅಂದರು. ಅವನಿಗೆ ಬೇಸರವಾಯಿತು, ಆದರೆ ಕೈಗೆ ಬಂದ ದುಡ್ಡು ಬೇಡ ಅನ್ನುವ ಮಿಸ್ತ್ರಿ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಹೋಗುವವರಿಗೆ: ನವೆಂಬರಿನಿಂದ ಫೆಬ್ರವರಿ ಒಳಗೆ ಕೊಡಿ, ಸಂಜೆ ಆರರ ಮೇಲೆ ಹೋದರೆ ಮಾತಾಡಲು ಸಿಗುತ್ತಾರೆ. ಅರ್ಧ ದುಡ್ಡು ಮುಂಗಡ, ಯುಪಿಐ ನಡೆಯುತ್ತದೆ. ಮುಂದೆ ಯಾವ ಗೇಜಿನ (ದಪ್ಪದ) ತಂತಿ ಹಾಕುತ್ತೀರೋ ಅದನ್ನೇ ಹೊಸದಾಗಿ ತೆಗೆದುಕೊಂಡು ಹೋಗಿ ಕೊಡಿ, ನಟ್ ಮತ್ತು ಸೆಟಪ್ ಅದಕ್ಕೇ ಹೊಂದಿಸುತ್ತಾರೆ. ಮನೆಗೆ ತಂದ ಮೇಲೆ ಮೊದಲ ಕೆಲವು ವಾರ ಬೇಸನ್ನು ಬಿಗಿ ಬ್ಯಾಗಿನಲ್ಲಿ ಮುಚ್ಚಿಡದೆ ಸ್ಟ್ಯಾಂಡಿನ ಮೇಲೆ ಇಡಿ, ಬಟ್ಟೆ ಒತ್ತಿದ ಗುರುತು ಹೊಸ ಪದರದ ಮೇಲೆ ಉಳಿದುಬಿಡಬಹುದು.